ಮೂರನೆಯ ಮೊಳೆಯ ಚೀಟಿ

ಮಳೆ ಹಿಂದೆ ಸರಿದು ನಾಲ್ಕು ದಿನ ಗಟ್ಟಿ ಬಿಸಿಲು ಬಿತ್ತೆಂದರೆ ಪುಸ್ತಕಗಳನ್ನೆಲ್ಲ ಅಂಗಳಕ್ಕೆ ತಂದು ಚಾಪೆಯ ಮೇಲೆ ಹರಡುವುದು ನಾನು ಇವತ್ತಿಗೂ ಬಿಡದ ಅಭ್ಯಾಸ. ಈ ಸಲ ಹಾಗೆ ಹರಡಿದವುಗಳ ನಡುವೆ ನನ್ನ ಹಳೆಯ ಇಂಗ್ಲಿಷ್ ಡಿಕ್ಷನರಿಯೂ ಇತ್ತು. ಬಿಸಿಲೇರಿದಂತೆ ಅದರಿಂದ ಪೆಪ್ಪರಮಿಂಟು, ಶುಂಠಿ ಬೆರೆತ ಒಂದು ವಾಸನೆ ಎದ್ದಿತು. ಪಕ್ಕದಲ್ಲಿ ಹಪ್ಪಳ ಮಗುಚುತ್ತಿದ್ದ ನನ್ನ ಹೆಂಡತಿ ಲಲಿತ ಮೂಗರಳಿಸಿ, “ಏನ್ರೀ, ನಿಮ್ ಪುಸ್ತಕಕ್ಕೆ ಅಜೀರ್ಣ ಆಗಿತ್ತಾ? ಔಷಧಿ ವಾಸ್ನೆ ಹೊಡೀತೈತೆ” ಎಂದಳು.

ಅಷ್ಟು ವರ್ಷದ ವಾಸನೆ ಉಳಿದಿರಲಾರದು ಎಂದು ಬುದ್ಧಿ ಹೇಳುತ್ತದೆ. ಇದೆ ಎಂದು ಮೂಗು ಹೇಳುತ್ತದೆ. ನಾನು ಮೂಗನ್ನೇ ನಂಬಿದೆ. ಯಾಕೆಂದರೆ ಶಿರಾಳಕೊಪ್ಪದಲ್ಲಿ ಆ ಡಿಕ್ಷನರಿಯ ಮೇಲೆ ಹೊಟ್ಟೆನೋವಿನ ಮಿಕ್ಸ್ಚರಿನ ಸೀಸೆಯೊಂದು ಪೂರ್ತಿ ಮಗುಚಿದ್ದನ್ನು ನಾನೇ ನೋಡಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಆ ವರ್ಷ ಮುಂಗಾರಿನಿಂದ ದೀಪಾವಳಿಯವರೆಗೆ ನಾನು ಶಿರಾಳಕೊಪ್ಪದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಗುಮಾಸ್ತನಾಗಿದ್ದೆ. ಅದರ ಹೆಸರು ಬೇಡ. ಈಗ ಆಸ್ಪತ್ರೆಯೂ ಇಲ್ಲ, ಅದಿದ್ದ ಕಟ್ಟಡವೂ ಇಲ್ಲ.

ನಾನು ನಮ್ಮ ವಂಶಕ್ಕೆ ಮೊದಲ ಬಿ.ಎ. ಇದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ, ಸುಮ್ಮನೆ ಬಂದದ್ದಲ್ಲ ಅದು. ಸೊರಬ ತಾಲ್ಲೂಕಿನಲ್ಲಿ ನಮ್ಮದು ಹನ್ನೆರಡು ಮನೆಯ ಊರು. ಅಲ್ಲಿನ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಲೆಂದು ಕುಪ್ಪಗಡ್ಡೆಯ ನನ್ನ ಸೋದರತ್ತೆ ಗುತ್ಯಮ್ಮ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. “ಇವನಾದ್ರೂ ದನ ಕಾಯ್ಲಿ, ಓದಿ ಏನ್ಮಾಡ್ತಾನೆ?” ಎಂದು ಮಾವ ಗೊಣಗಿದಾಗ, “ದನಾನ ನಾನ್ ಕಾಯ್ತೀನಿ, ನೀವ್ ಸುಮ್ನಿರಿ” ಎಂದಳು. ಅಂದಂತೆ ಕಾಯ್ದಳು ಕೂಡ. ಬೆಳಗ್ಗೆ ಗದ್ದೆ, ಮಧ್ಯಾಹ್ನ ದನ, ನಡುವೆ ನನಗೆ ರೊಟ್ಟಿ. ನನ್ನ ಹೆಂಡತಿ ಲಲಿತ ಈ ಗುತ್ಯಮ್ಮನ ಮಗಳೇ. ಆದರೆ ಈ ಕಥೆಯ ಹೊತ್ತಿಗೆ ಇನ್ನೂ ಮದುವೆಯಾಗಿರಲಿಲ್ಲ. ಅದರ ಮಾತು ಮಾತ್ರ ಮನೆಯಲ್ಲಿ ಆಗಾಗ ಬಂದು ಹೋಗುತ್ತಿತ್ತು.

ಶಿವಮೊಗ್ಗದ ಕಾಲೇಜಿನಲ್ಲಿ ಉಳಿದೆಲ್ಲ ವಿಷಯ ಒಂದೇ ಏಟಿಗೆ ಪಾಸಾದವು. ಇಂಗ್ಲಿಷ್ ಮಾತ್ರ ಎರಡು ಸಲ ಡುಮ್ಕಿ ಹೊಡೆಸಿತು. ಮೂರನೆಯ ಸಲ ಪಾಸಾದಾಗ ಇಂಗ್ಲಿಷ್ ಮೇಷ್ಟ್ರು ತಮ್ಮ ಹಳೆಯ ಡಿಕ್ಷನರಿಯನ್ನು ಕೈಗಿಟ್ಟು, “ಎ ಅಕ್ಷರದ ಹಾಳೆಗಳು ಕಿತ್ತು ಹೋಗಿದಾವಪ್ಪ, ಬಿ ಇಂದ ಶುರು ಮಾಡು” ಎಂದು ನಕ್ಕರು. ನಾನು ನಿಜವಾಗಿಯೂ ಬಿ ಇಂದ ಶುರು ಮಾಡಿದೆ. ದಿನಕ್ಕೊಂದು ಹಾಳೆ ಬಾಯಿಪಾಠ. ಎ ಇಂದ ಶುರುವಾಗುವ ಪದಗಳಲ್ಲಿ ಇವತ್ತಿಗೂ ನನಗೆ ಸ್ವಲ್ಪ ಬಡತನವಿದೆ.

ಆಸ್ಪತ್ರೆಯ ಡಾಕ್ಟರು ಒರಿಸ್ಸಾ ಕಡೆಯ ಹೆಣ್ಣುಮಗಳು. ಹೆಸರು ದಾಸ್. ನಮ್ಮ ಜನ ಎರಡೇ ವಾರದಲ್ಲಿ ಅವರನ್ನು ದಾಸಮ್ಮ ಮಾಡಿದರು. ಬಿಳಿ ಸೀರೆ, ಕಾಲಿಗೆ ಗಂಡಸರ ರಬ್ಬರ್ ಬೂಟು, ಕಡಿಮೆ ಮಾತು. ಕನ್ನಡದಲ್ಲಿ ಅವರಿಗೆ ಬರುತ್ತಿದ್ದುದು ‘ಬನ್ನಿ’, ‘ಕೂತ್ಕೊಳ್ಳಿ’, ‘ನಾಲಿಗೆ’, ‘ಸ್ವಲ್ಪ’ ಇಷ್ಟೇ. ಜನಕ್ಕೆ ಇಂಗ್ಲಿಷ್ ಬರದು. ನಡುವೆ ಒಂದು ಸೇತುವೆ ಬೇಕಾಗಿತ್ತು. ಅದೇ ನಾನು.

ಕೆಲಸದ ಕ್ರಮ ಹೀಗಿತ್ತು. ಹೊರಗಿನ ಜಗಲಿಯಲ್ಲಿ ನನ್ನ ಮೇಜು. ರೋಗಿ ಬಂದು ಹೇಳಿದ್ದನ್ನು ನಾನು ಒಂದು ಅಂಗೈಯಗಲದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು: ಎಲ್ಲಿ ನೋವು, ಎಂಥ ನೋವು, ಎಷ್ಟು ನೋವು. ನನ್ನ ಬೆನ್ನ ಹಿಂದಿನ ಹಲಗೆಯಲ್ಲಿ ಮೂರು ಮೊಳೆಗಳಿದ್ದವು. ಜೋರು ನೋವಿನ ಚೀಟಿಯನ್ನು ಮೊದಲನೆಯ ಮೊಳೆಗೆ ಚುಚ್ಚಿದರೆ ಆ ರೋಗಿ ಸರದಿ ಬಿಟ್ಟು ಸೀದಾ ಒಳಗೆ. ಎರಡನೆಯ ಮೊಳೆಯವರು ಸರದಿಯ ಪ್ರಕಾರ. ಮೂರನೆಯದು ಅಲ್ಪಸ್ವಲ್ಪದವರಿಗೆ. ಅವರು ಡಾಕ್ಟರನ್ನು ನೋಡುವಂತೆಯೇ ಇಲ್ಲ, ಪಕ್ಕದ ಕಿಟಕಿಯಲ್ಲಿ ಕಾಂಪೌಂಡರ್ ಗೌಸ್ ಸಾಹೇಬರು ಕೊಟ್ಟ ಮಿಕ್ಸ್ಚರ್ ಕುಡಿದು ಮನೆಗೆ ಹೋಗಬೇಕು. ಡಾಕ್ಟರು ಒಬ್ಬರೇ. ಸಂತೆಯ ದಿನ ಜನ ಜಗಲಿ ತುಂಬಿ ರಸ್ತೆಗಿಳಿಯುತ್ತಿದ್ದರು. ಆದ್ದರಿಂದ ಈ ಮೊಳೆಗಳಿಲ್ಲದೆ ಗತಿಯಿರಲಿಲ್ಲ. ಅಂದರೆ ಯಾರು ಒಳಗೆ, ಯಾರು ಹೊರಗೆ ಎಂಬುದು ನಾನು ಬರೆಯುವ ಒಂದು ಪದದ ಮೇಲೆ ನಿಂತಿತ್ತು. ಇಪ್ಪತ್ತಮೂರು ವರ್ಷದ ನನಗೆ ಇದು ತಲೆಗೇರದೆ ಇರುತ್ತದೆಯೇ?

ಮೊದಲ ತಿಂಗಳು ಇಂಗ್ಲಿಷೇ ನನ್ನನ್ನು ಆಟ ಆಡಿಸಿತು. ತಲೆನೋವಿಗೆ ಹೆಡೇಕ್, ಹಲ್ಲುನೋವಿಗೆ ಟೂತೇಕ್, ಬೆನ್ನಿಗೆ ಬ್ಯಾಕೇಕ್ ಎಂದು ಕಾಲೇಜಿನಲ್ಲಿ ಕೇಳಿ ಗೊತ್ತಿತ್ತು. ಅದೇ ದಾರಿ ಹಿಡಿದು ಮಂಡಿನೋವಿನ ಮುದುಕರೊಬ್ಬರಿಗೆ ‘ನೀ-ಏಕ್’ ಎಂದು ಬರೆದೆ. ಒಳಗಿಂದ ದಾಸಮ್ಮ ಚೀಟಿ ಹಿಡಿದು ಎದ್ದು ಬಂದರು. ತಲೆ, ಹಲ್ಲು, ಹೊಟ್ಟೆ, ಬೆನ್ನು, ಕಿವಿ, ಇವಕ್ಕೆ ಮಾತ್ರ ಆ ಬಾಲ ಅಂಟುತ್ತದೆ, ಮಂಡಿಗೂ ಕಾಲಿಗೂ ಅಂಟುವುದಿಲ್ಲ ಎಂದರು. ಯಾಕೆ ಮೇಡಂ ಎಂದೆ. “ನನಗೂ ಗೊತ್ತಿಲ್ಲ. ಹಾಗೆ ರೂಢಿ. ಡಿಕ್ಷನರಿ ನೋಡಲಿಲ್ಲವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಏನೆಂದು ಹೇಳಲಿ? ಏಕ್ ಶುರುವಾಗುವುದೇ ಎ ಇಂದ.

ಇನ್ನು ನಮ್ಮ ಜನದ ಮಾತೋ, ಅದು ಬೇರೆಯೇ ಲೋಕ. ನೋವು ಎಂದು ಬರಿದೇ ಹೇಳುವವರು ಕಡಿಮೆ. ಒಬ್ಬರಿಗೆ ಚಳುಕು, ಒಬ್ಬರಿಗೆ ಸೆಳೆತ, ಒಬ್ಬರಿಗೆ ಹಿಂಡಿದ ಹಾಗೆ, ಇನ್ನೊಬ್ಬರಿಗೆ ಸಿಡಿದ ಹಾಗೆ, ಮತ್ತೊಬ್ಬರಿಗೆ ಇರುವೆ ಹರಿದ ಹಾಗೆ. ಸುಸ್ತು ಎಂಬುದೊಂದಕ್ಕೇ ಡಿಕ್ಷನರಿ ನನ್ನ ಮುಂದೆ ಐದಾರು ಪದ ಚೆಲ್ಲುತ್ತಿತ್ತು: ಟೈರ್ಡ್, ವೀಕ್, ಫೇಂಟ್, ಫಟೀಗ್. ಗದ್ದೆ ಉತ್ತು ಬಂದವನ ಸುಸ್ತು ಒಂದು, ಜ್ವರ ಬಿಟ್ಟವನ ಸುಸ್ತು ಇನ್ನೊಂದು, ಮೂರು ಹೊತ್ತಿನಿಂದ ಉಣ್ಣದವಳ ಸುಸ್ತು ಮತ್ತೊಂದು. ಮೂವರೂ ಹೇಳುವುದು ಅದೇ ಮಾತು, ಬರೆಯುವ ಪದ ಮಾತ್ರ ಬೇರೆ ಬೇರೆ. ಒಂದು ದಿನ ಕಾಲು ಜೋಮು ಹಿಡಿದವನನ್ನು ನೋಡಿದ ದಾಸಮ್ಮ ‘ಪಿನ್ಸ್ ಅಂಡ್ ನೀಡಲ್ಸ್?’ ಎಂದು ಕೇಳಿದರು. ಜೋಮಿಗೆ ಇಂಗ್ಲಿಷಿನಲ್ಲಿ ಹಾಗೇ ಅನ್ನುವುದು. ಗೌಸ್ ಸಾಹೇಬರು ಇಂಜೆಕ್ಷನ್ ಡಬ್ಬಿಯನ್ನೇ ತಂದು ಮುಂದಿಟ್ಟರು. ರೋಗಿ ಎದ್ದು ಓಡಿದ.

ಗೌಸ್ ಸಾಹೇಬರು ಶಿರಾಳಕೊಪ್ಪದ ಹಳೆಯ ಮನೆತನದವರು. ಅವರ ತಂದೆಯ ಕಾಲಕ್ಕೆ ಅತ್ತರಿನ ವ್ಯಾಪಾರ. ಓದಿದ್ದು ಏಳನೆಯ ತರಗತಿ. ಆದರೆ ರೋಗಿ ಮೆಟ್ಟಿಲು ಹತ್ತುವ ರೀತಿ ನೋಡಿ ಕಾಯಿಲೆ ಹೇಳುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದು ‘ಬಿಯೇ’ ಎಂದು.

“ಏನ್ ಬಿಯೇ, ಇವತ್ತು ಯಾವ ಲಫ್ಜು ಹಿಡಿದ್ರಿ?”

“ಸ್ಲೈಟ್, ಸಾಹೇಬ್ರೆ. ಸ್ವಲ್ಪ ಅನ್ನೋದಕ್ಕೆ. ಲಿಟಲ್ ಅಂದ್ರೆ ಮಕ್ಕಳ ಪುಸ್ತಕದ್ದು, ಮೈಲ್ಡ್ ಅಂದ್ರೆ ಸಪ್ಪೆ. ಇದು ನೋಡ್ರಿ, ತೂಕದ್ದು.”

“ಅಲ್ಲಾ! ಸ್ವಲ್ಪಕ್ಕೂ ತೂಕ ಬೇಕೇನ್ರಿ ನಿಮಗೆ?” ಎಂದು ನಗುತ್ತ ಅವರು ಸೀಸೆ ಎತ್ತಿಡಲು ಹೋದಾಗ ಕೈತಪ್ಪಿ ಮಿಕ್ಸ್ಚರೆಲ್ಲ ನನ್ನ ಡಿಕ್ಷನರಿಯ ಮೇಲೆ ಸುರಿಯಿತು. ಅಂಗಳದಲ್ಲಿ ಲಲಿತ ಹಿಡಿದ ವಾಸನೆ ಅದೇ.

ಆ ಸ್ಲೈಟ್ ಎಂಬ ಪದ ನನಗೆ ಹೊಸ ಅಂಗಿ ಸಿಕ್ಕ ಹಾಗಾಯಿತು. ಸಿಕ್ಕಲ್ಲೆಲ್ಲ ತೊಟ್ಟೆ.

ನಾಟಿಯ ದಿನಗಳು ಬಂದವು. ಶಿಕಾರಿಪುರದ ಕಡೆ ಮಳೆ ಬಿಟ್ಟು ಬಿಟ್ಟು ಬೀಳುತ್ತಿದ್ದರೆ ಸೊರಬದ ಕಡೆ ಹಿಡಿದದ್ದು ಬಿಡುತ್ತಿರಲಿಲ್ಲ. ಎರಡೂ ಕಡೆಯ ಜನ ಕೂಡುತ್ತಿದ್ದುದು ನಮ್ಮ ಜಗಲಿಯಲ್ಲೇ. ಬಯಲು ಕಡೆಯವರು ನೋವನ್ನು ಗಟ್ಟಿ ಗಂಟಲಲ್ಲಿ ಹೇಳುತ್ತಿದ್ದರು. ನಮ್ಮ ಸೊರಬದ ಹಳ್ಳಿಯವರದು, ಅದರಲ್ಲೂ ಹೆಂಗಸರದು, ಬೇರೆ ರೀತಿ. ಕೇಳುವವರು ದೊಡ್ಡವರಾದಷ್ಟೂ ಇವರ ನೋವು ಸಣ್ಣದಾಗುತ್ತದೆ. ನೆರೆಮನೆಯವಳ ಹತ್ತಿರ “ಜೀವ ಹೋಗ್ತೈತೆ” ಎನ್ನುವವಳು ಡಾಕ್ಟರ ಮುಂದೆ “ಸ್ವಲ್ಪ” ಎನ್ನುತ್ತಾಳೆ. ದೊಡ್ಡವರ ಮುಂದೆ ನಮ್ಮ ಗೋಳು ತೋಡಿಕೊಳ್ಳಬಾರದು, ಅವರಿಗೆ ಕಷ್ಟ ಕೊಡಬಾರದು ಎಂಬ ಮರ್ಯಾದೆ ಅದು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನು ಆ ಮನೆಯಲ್ಲೇ ಬೆಳೆದವನು. ಆದರೆ ಮೇಜಿನ ಹಿಂದೆ ಕೂತಾಗ ಅದು ನೆನಪಿಗೆ ಬರುತ್ತಿರಲಿಲ್ಲ. ಅಲ್ಲಿ ನೆನಪಿಗೆ ಬರುತ್ತಿದ್ದುದು ಡಿಕ್ಷನರಿ.

ಅಂಥ ಒಂದು ಸಂತೆಯ ದಿನ, ಈಸೂರಿನ ರೈತನೊಬ್ಬ ಕೆನ್ನೆ ಹಿಡಿದುಕೊಂಡು, “ಸತ್ತೇ ಹೋಗ್ತೀನ್ರೀ ಯಪ್ಪಾ, ಮೊದ್ಲು ನನ್ ಬರ್ಕೊಳ್ರೀ” ಎಂದು ಜಗಲಿ ಹಾರಿಹೋಗುವಂತೆ ಕೂಗುತ್ತಿದ್ದ. ದವಡೆ ಹಲ್ಲು. ‘ಸಿವಿಯರ್’ ಎಂದು ಬರೆದು ಮೊದಲನೆಯ ಮೊಳೆಗೆ ಚುಚ್ಚಿದೆ. ತಲೆಯೆತ್ತಿದರೆ ಎದುರಿಗೆ ಕಂಬಳಿ ಕೊಪ್ಪೆ ಹೊದ್ದು ಅತ್ತೆ ನಿಂತಿದ್ದಳು. ಕೈಯಲ್ಲಿ ಬಾಳೆಲೆ ಮುಚ್ಚಿದ ಒಂದು ತಂಬಿಗೆ.

“ಕಳಲೆ ಪಲ್ಯ ಕಣೋ ಕೆರಿಯ. ನಿಂಗಿಷ್ಟ ಅಂತ ತಂದೆ” ಎಂದು ತಂಬಿಗೆಯನ್ನು ಮೇಜಿನ ಮೇಲಿಟ್ಟಳು. ಹಿಂದೆ ನಿಂತವರಿಗೆ, “ನಮ್ಮಣ್ಣನ ಮಗ. ಬಿ.ಎ. ಮಾಡ್ಯಾನೆ” ಎಂದು ಯಾರೂ ಕೇಳದೆ ಇದ್ದರೂ ಹೇಳಿದಳು.

“ಏನಾಗ್ತೈತೆ ಅತ್ತೆ?”

“ಏನಿಲ್ಲ ಮಾರಾಯ. ಹೊಟ್ಟೇಲಿ ಸ್ವಲ್ಪ ನೋವು.”

“ಎಷ್ಟು ದಿನದಿಂದ?”

“ಮೊನ್ನೆಯಿಂದ. ನಾಟಿ ಇತ್ತಲ್ಲ, ನಿನ್ನೆ ಗದ್ದೆಗಿಳೀಲಿಲ್ಲ. ಬದುವಿನ ಮೇಲೆ ಕೂತಿದ್ದೆ.”

“ಜಾಸ್ತಿ ಐತಾ, ಕಡಿಮೆ ಐತಾ?”

ಅತ್ತೆ ಒಳಬಾಗಿಲ ಕಡೆ ನೋಡಿದಳು. ಅಲ್ಲಿ ದಾಸಮ್ಮನ ಬಿಳಿ ಸೀರೆಯ ಅಂಚು ಕಾಣುತ್ತಿತ್ತು. ಸರದಿಯಲ್ಲಿ ನಿಂತ ಜನವನ್ನು ನೋಡಿದಳು. ಮೇಜಿನ ಹಿಂದೆ ಕೂತ ನನ್ನನ್ನು ನೋಡಿದಳು. “ಸ್ವಲ್ಪ ಅಷ್ಟೇ. ನೀ ಬರಿ” ಎಂದಳು.

ನಾನು ಬರೆದೆ. ಇಂಗ್ಲಿಷ್ ಅಕ್ಷರ ಬಿಡಿಸುವ ನನ್ನ ಕೈಯನ್ನೇ ಅವಳು ಕಣ್ಣರಳಿಸಿ ನೋಡುತ್ತಿದ್ದಳು. ಆದ್ದರಿಂದ ಇನ್ನೂ ಅಂದವಾಗಿ ಬರೆದೆ. ಸ್ಲೈಟ್ ಪೇನ್, ಅಬ್ಡಮೆನ್. ಮೂರನೆಯ ಮೊಳೆ.

ಗೌಸ್ ಸಾಹೇಬರು ಕಿಟಕಿಯಿಂದ ಕತ್ತು ಚಾಚಿದರು. “ಬಿಯೇ, ಇಲ್ಲಿ ಕೇಳ್ರಿ. ಅಮ್ಮೋರು ಸ್ಟೂಲು ಕೊಟ್ರೂ ಕೂಡ್ಲಿಲ್ಲ. ಬಾಗಿ ನಿಂತಾರೆ. ಒಳಗ ಕಳಿಸ್ರಿ.”

“ಅವರ ಬಾಯಲ್ಲೇ ಬಂತಲ್ಲ ಸಾಹೇಬ್ರೆ, ಸ್ವಲ್ಪ ಅಂತ. ನಮ್ಮತ್ತೆ ಅಂತ ಸರದಿ ತಪ್ಪಿಸಿದ್ರೆ ಜನ ಏನಂದಾರು?”

ಈ ಮಾತಿನಲ್ಲಿ ನನಗೆ ನನ್ನ ನ್ಯಾಯಬುದ್ಧಿ ಕಂಡಿತು. ಅತ್ತೆಗೂ ಅದೇ ಕಂಡಿರಬೇಕು. “ಹೌದಪ್ಪ, ನಂದೇನು ಅವಸರ ಇಲ್ಲ” ಎಂದಳು. ಮಿಕ್ಸ್ಚರ್ ಕುಡಿದಳು, ತುಂಬಿದ ಸೀಸೆ ಸೆರಗಿಗೆ ಕಟ್ಟಿಕೊಂಡಳು. ಮಧ್ಯಾಹ್ನದ ಸೊರಬದ ಬಸ್ಸಿಗೆ ಹೊರಟಳು. ನಾನು ಹೊಟ್ಟೆ ತುಂಬ ಕಳಲೆ ಪಲ್ಯ ತಿಂದೆ.

ಮರುದಿನ ಬೆಳಗ್ಗೆ ಆ ಬಸ್ಸಿನ ಕಂಡಕ್ಟರ್ ಜಗಲಿಗೆ ಬಂದ. “ಏನ್ರೀ ಗುಮಾಸ್ತರೆ, ನಿಮ್ಮತ್ತೇಗೆ ಏನಾಗಿತ್ತು? ನಿನ್ನೆ ಕುಪ್ಪಗಡ್ಡೇಲಿ ಇಳಿಸಕ್ಕೆ ಇಬ್ರು ಬೇಕಾತು. ಕಂಬಿ ಹಿಡಕಂಡ ಕೈ ಬಿಡಿಸಕ್ಕೇ ಆಗ್ಲಿಲ್ಲ. ಏನವ್ವಾ ಅಂದ್ರೆ, ಸ್ವಲ್ಪ ನೋವು ಅಂತಾರೆ.”

ನನಗೆ ಆಗ ಕೇಳಿಸಿತು, ಹಿಂದಿನ ದಿನ ಅತ್ತೆ ನಿಜವಾಗಿ ಏನು ಹೇಳಿದ್ದಳು ಎಂದು. ನಾಟಿಯ ದಿನ ಬದುವಿನ ಮೇಲೆ ಕೂತಿದ್ದೆ ಎಂದಿದ್ದಳು. ಆ ಮನೆಯಲ್ಲಿ ಎಂಟು ಮಳೆಗಾಲ ಕಳೆದವನು ನಾನು. ಒಂದು ನಾಟಿಯಲ್ಲೂ ಅತ್ತೆ ಬದುವಿನ ಮೇಲೆ ಕೂತದ್ದು ನೋಡಿಲ್ಲ. ಲಲಿತ ಹೊಟ್ಟೆಯಲ್ಲಿದ್ದಾಗಲೂ ಸಸಿ ನೆಟ್ಟವಳು ಅಂತ ಊರೇ ಹೇಳುತ್ತಿತ್ತು. ಹೇಳಬೇಕಾದ್ದನ್ನೆಲ್ಲ ಅವಳು ಹೇಳಿದ್ದಳು. ನಾನು ಅದನ್ನು ಬಿಟ್ಟು, ಮರ್ಯಾದೆಗೆ ಆಡಿದ ಮಾತೊಂದನ್ನು ಹಿಡಿದು ಬರೆದಿದ್ದೆ.

ಚೀಟಿ ಇನ್ನೂ ಮೂರನೆಯ ಮೊಳೆಯಲ್ಲೇ ಇತ್ತು. ಕಿತ್ತುಕೊಂಡು ಒಳಗೆ ಹೋಗಿ ದಾಸಮ್ಮನ ಮುಂದಿಟ್ಟೆ. ಅವರು ಕೇಳುವ ಮೊದಲೇ, ತಪ್ಪು ನನ್ನದು, ನಿನ್ನೆ ಒಬ್ಬರನ್ನು ನಿಮ್ಮ ಹತ್ತಿರ ಬಿಡದೆ ಕಳಿಸಿದೆ, ಅವರು ನನ್ನ ಅತ್ತೆ, ಎಂದೆ. ನನ್ನ ಇಂಗ್ಲಿಷ್ ಅಷ್ಟು ಕೆಟ್ಟದಾಗಿ ಯಾವತ್ತೂ ಬಂದಿರಲಿಲ್ಲ. ಅವರು ಚೀಟಿ ಓದಿದರು. ಬೈಯಲಿಲ್ಲ. “ಗೌಸ್, ಜೀಪು” ಎಂದರು. ರಬ್ಬರ್ ಬೂಟು ಹಾಕಿಕೊಂಡರು.

ಕುಪ್ಪಗಡ್ಡೆ ಮುಟ್ಟುವವರೆಗೆ ಎಡೆಬಿಡದೆ ಮಳೆ ಹೊಡೆಯುತ್ತಿತ್ತು. ಎರಡು ಕಡೆ ಜೀಪು ಕೆಸರಿನಲ್ಲಿ ಹೂತುಕೊಂಡಾಗ ಗದ್ದೆಯಲ್ಲಿದ್ದವರು ಬಂದು ತಳ್ಳಿದರು.

ಮನೆಯ ಪಡಸಾಲೆಯಲ್ಲಿ ಅತ್ತೆ ಚಾಪೆಯ ಮೇಲೆ ಮಂಡಿ ಮಡಚಿಕೊಂಡು ಒಂದು ಮಗ್ಗುಲಾಗಿ ಮಲಗಿದ್ದಳು. ತಲೆದೆಸೆಯಲ್ಲಿ ನಾವು ಕೊಟ್ಟ ಸೀಸೆ, ಅರ್ಧ ಖಾಲಿ. ಲಲಿತ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ, “ಬನ್ನಿ, ಬನ್ನಿ. ಬಿ.ಎ. ಓದ್ದೋರು ಪೆಪ್ಪರಮಿಂಟಿನ ನೀರು ಕೊಟ್ಟು ಕಳ್ಸಿದ್ರಲ್ಲ, ಅವ್ವ ಬಾಳ ಹೊಗಳ್ತು” ಎಂದಳು. ಕಣ್ಣು ಕೆಂಪಗಿದ್ದವು.

ದಾಸಮ್ಮ ನೆಲದ ಮೇಲೆ ಕೂತರು. ಹೊಟ್ಟೆಯ ಬಲಗಡೆ ಕೆಳಗೆ ಮೆಲ್ಲಗೆ ಒತ್ತಿ, ತಟ್ಟನೆ ಕೈ ತೆಗೆದರು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಣೆಯ ಮೇಲೆ ಬೆವರು ಕಾಳುಕಾಳಾಗಿ ನಿಂತಿತ್ತು. ಎಷ್ಟು ನೋವಾಗುತ್ತದೆ ಎಂದು ಕೇಳಿ ಎಂದು ದಾಸಮ್ಮ ನನಗೆ ಹೇಳಿದರು.

“ಅತ್ತೆ, ಎಷ್ಟು ನೋವಾಗ್ತೈತೆ?”

ಅತ್ತೆ ಸೆರಗು ತೆಗೆದಳು. ತನ್ನ ಮನೆಯ ನೆಲದ ಮೇಲೆ ಬಿಳಿ ಸೀರೆ ಕೆಸರು ಮಾಡಿಕೊಂಡು ಕೂತ ಡಾಕ್ಟರನ್ನು ನೋಡಿ, ಅವಳಿಗೆ ಸಂಕೋಚವಾಯಿತೆಂದು ಕಾಣುತ್ತದೆ. “ಸ್ವಲ್ಪ ಐತಮ್ಮ. ಪಾಪ, ಮಳೇಲಿ ನೀವ್ಯಾಕೆ ಬರಾಕೆ ಹೋದ್ರಿ?” ಎಂದಳು.

ದಾಸಮ್ಮನಿಗೆ ಆ ಪದ ಗೊತ್ತಿತ್ತು. ತಲೆಯೆತ್ತಿ ನನ್ನ ಕಡೆ ನೋಡಿದರು.

“ತಡೆಯಲಾರದ ನೋವು ಅನ್ನುತ್ತಿದ್ದಾಳೆ, ಮೇಡಂ” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅನ್‌ಬೇರಬಲ್ ಎಂಬ ಪದ ಹುಡುಕದೆ ಬಾಯಿಗೆ ಬಂತು.

“ಅವರು ‘ಸ್ವಲ್ಪ’ ಅಂದದ್ದು ನನಗೆ ಕೇಳಿಸಿತು.”

“ಅಂದದ್ದು ಹೌದು. ನಿಮಗೆ ಅಂದದ್ದು. ಈ ಊರಿನಲ್ಲಿ, ಈ ವಯಸ್ಸಿನ ಹೆಂಗಸು, ನಿಮ್ಮಂಥವರಿಗೆ ಹಾಗೇ ಅನ್ನುವುದು. ನಿನ್ನೆ ನಾನು ಅವಳ ಬಾಯಿಂದ ಬಂದದ್ದನ್ನು ಬರೆದೆ. ಇವತ್ತು ಅವಳಿಗೆ ಆಗುತ್ತಿರುವುದನ್ನು ಹೇಳುತ್ತಿದ್ದೇನೆ. ಇದು ಸರಿ.”

ಅಷ್ಟು ಗಟ್ಟಿಯಾಗಿ ನಾನು ಅವರ ಎದುರು ಮಾತಾಡಿದ್ದು ಅದೇ ಮೊದಲು. ಅವರು ಎದ್ದರು. ಅಪೆಂಡಿಕ್ಸ್, ಒಡೆಯುವುದಕ್ಕೆ ಬಂದಿರಬಹುದು, ಇಲ್ಲಿ ಆಪರೇಷನ್ ಸಾಧ್ಯವಿಲ್ಲ, ಸೀದಾ ಶಿವಮೊಗ್ಗಕ್ಕೆ, ಎಂದರು. ಅತ್ತೆಯನ್ನು ಕಂಬಳಿಯ ಸಮೇತ ಎತ್ತಿ ಜೀಪಿನಲ್ಲಿ ಮಲಗಿಸಿದೆವು. ತಲೆ ಲಲಿತಳ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ದಾರಿಯ ಪ್ರತಿ ಗುಂಡಿಗೂ ಅವಳ ಕಾಲಿನ ಬೆರಳು ಬಿಗಿಯುತ್ತಿದ್ದವು. ಬಾಯಿಂದ ಮಾತ್ರ ಸದ್ದಿಲ್ಲ. ದಾಸಮ್ಮ ಶಿವಮೊಗ್ಗದ ಸರ್ಜನರಿಗೆ ಕಾಗದ ಬರೆದುಕೊಟ್ಟು ಶಿರಾಳಕೊಪ್ಪದಲ್ಲೇ ಇಳಿದುಕೊಂಡಿದ್ದರು. ಶಿಕಾರಿಪುರ ದಾಟುವಾಗ ಗೌಸ್ ಸಾಹೇಬರು ಮುಂದಿನ ಸೀಟಿನಿಂದ ತಿರುಗಿ, “ಅಮ್ಮಾ, ಒಂದ್ಸಲ ಕೂಗಿಬಿಡ್ರಿ. ಇಲ್ಲಿ ದೊಡ್ಡೋರು ಯಾರೂ ಇಲ್ಲ, ನಾವೇ ಇರೋದು” ಎಂದರು. ಅತ್ತೆ ಆಗ ಒಂದು ಕೂಗು ಕೂಗಿದಳು. ಆ ಕೂಗನ್ನು ಇಂಗ್ಲಿಷಿನಲ್ಲಿ ಬರೆಯುವ ಪದ ನನಗೆ ಇನ್ನೂ ಸಿಕ್ಕಿಲ್ಲ. ಕನ್ನಡದಲ್ಲೂ ಸಿಕ್ಕಿಲ್ಲ.

ಸಂಜೆಗೆ ಮುಂಚೆ ಆಪರೇಷನ್ ಆಯಿತು. ಇನ್ನರ್ಧ ದಿನ ಕಳೆದಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಸರ್ಜನ್ ಹೊರಗೆ ಬಂದು ಹೇಳಿದರು. ಬದುಕಿಕೊಂಡಳು.

ವಾಪಸು ಬಂದ ಮೇಲೆ ದಾಸಮ್ಮ ನನ್ನನ್ನು ಒಳಗೆ ಕರೆದರು. ಕೆಲಸ ಹೋಯಿತು ಎಂದುಕೊಂಡೇ ಹೋದೆ. ಚೀಟಿ ಅವರ ಮೇಜಿನ ಮೇಲಿತ್ತು.

“ಈ ಸ್ಲೈಟ್ ಎಂಬ ಪದ ಎಲ್ಲಿ ಸಿಕ್ಕಿತು?”

“ಡಿಕ್ಷನರಿಯಲ್ಲಿ, ಮೇಡಂ.”

“ಡಿಕ್ಷನರಿ ನಿಮ್ಮ ಅತ್ತೆಯನ್ನು ನೋಡಿಲ್ಲ, ಮಿಸ್ಟರ್ ಕೆರಿಯಪ್ಪ. ನೀವು ನೋಡಿದ್ದೀರಿ.” ಚೀಟಿಯನ್ನು ನನ್ನ ಕಡೆ ಸರಿಸಿದರು. “ಇಟ್ಟುಕೊಳ್ಳಿ. ನಾಳೆ ಎಂಟಕ್ಕೆ ಬನ್ನಿ.”

ಮರುದಿನದಿಂದ ನಾನು ಬರೆಯುವ ರೀತಿ ಬದಲಾಯಿಸಿದೆ. ಯಾರನ್ನೂ ಕೇಳಿ ಬದಲಾಯಿಸಿದ್ದಲ್ಲ. ಎಷ್ಟು ನೋವು ಎಂದು ಕೇಳುವುದನ್ನೇ ಬಿಟ್ಟೆ. ಯಾವ ಕೆಲಸ ನಿಂತಿದೆ ಎಂದು ಕೇಳತೊಡಗಿದೆ. ನೀರು ಸೇದಿದಿರಾ? ರೊಟ್ಟಿ ತಟ್ಟಿದಿರಾ? ಬಸ್ಸಿನಿಂದ ಇಲ್ಲಿಗೆ ಬರುವಾಗ ಎಲ್ಲಿ ಕೂತಿರಿ? ಅವರು ಹೇಳಿದ್ದನ್ನು ಸಾದಾ ಇಂಗ್ಲಿಷಿನಲ್ಲಿ ಬರೆದೆ. ‘ಎರಡು ದಿನದಿಂದ ಕೊಡ ಎತ್ತಿಲ್ಲ.’ ‘ಸಂತೆಮಾಳದಿಂದ ಇಲ್ಲಿಗೆ ಮೂರು ಕಡೆ ಕೂತು ಬಂದರು.’ ‘ಜೋರಾಗಿ ಕೂಗುತ್ತಿದ್ದಾರೆ, ಆದರೆ ಸೈಕಲ್ ತುಳಿದುಕೊಂಡು ಬಂದಿದ್ದಾರೆ.’ ಕೊನೆಯದು ಈಸೂರಿನ ಅದೇ ರೈತನ ಮೇಲೆ ಬರೆದದ್ದು. ಎರಡನೆಯ ಮೊಳೆಗೆ ಹೋದ ಅವನು “ಹೋದ್ಸಲ ಒಂದನೇ ಮೊಳಿ ಇತ್ತಲ್ರೀ ನಂದು” ಎಂದು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ. ಒಳಗೆ ದಾಸಮ್ಮ ಚೀಟಿ ಓದಿ ನಗುವುದು ಜಗಲಿಗೆ ಕೇಳಿಸಿತು.

ಡಿಕ್ಷನರಿಯನ್ನು ಬಿಟ್ಟೆನೆಂದು ತಿಳಿಯಬೇಡಿ. ಅದನ್ನು ಇನ್ನೂ ಜೋರಾಗಿ ಓದಿದೆ. ಆದರೆ ಮೊದಲು ರೋಗಿಯ ಮುಖ ನೋಡುವುದು, ಆಮೇಲೆ ಹಾಳೆ ತಿರುವುವುದು. ಮುಂದೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದೆ. ನನ್ನ ಶಾಲೆಯ ಮಕ್ಕಳು ತಪ್ಪು ಪದ ಬರೆದರೆ ಕೆಂಪು ಗೆರೆ ಎಳೆಯುವ ಮೊದಲು, “ನೀನು ಕಂಡದ್ದು ಏನು ಹೇಳು” ಎಂದು ಕೇಳುತ್ತಿದ್ದೆ. ಅವರಲ್ಲಿ ಯಾರೂ ಇಂಗ್ಲಿಷಿನಲ್ಲಿ ನನ್ನ ಹಾಗೆ ಎರಡು ಸಲ ಡುಮ್ಕಿ ಹೊಡೆಯಲಿಲ್ಲ. ಇದನ್ನೂ ಸಂಕೋಚವಿಲ್ಲದೆ ಹೇಳುತ್ತೇನೆ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಅತ್ತೆ ಗಾಯ ತೋರಿಸಲು ಬಂದಳು. ಜೊತೆಗೆ ಲಲಿತ. ಮಳೆ ನಿಂತು ಗದ್ದೆಗಳೆಲ್ಲ ಹಣ್ಣಾಗತೊಡಗಿದ್ದವು. ಒಳಗೆ ಹೋಗು ಎಂದರೂ ಕೇಳದೆ ಅತ್ತೆ ಸರದಿಯಲ್ಲೇ ನಿಂತಳು. ಅವಳ ಸರದಿ ಬಂತು. ಇಡೀ ಜಗಲಿಗೆ ಕಥೆ ಗೊತ್ತಿತ್ತು. ಗೌಸ್ ಸಾಹೇಬರು ಕಿಟಕಿಯಲ್ಲಿ ಕತ್ತು ತೂರಿಸಿ ಕಾದು ನಿಂತರು.

“ಏನಾಗ್ತೈತೆ ಅತ್ತೆ?”

ಅತ್ತೆ ಗಲ್ಲದ ಮೇಲೆ ಬೆರಳಿಟ್ಟು ಯೋಚಿಸುವವಳ ಹಾಗೆ ಮಾಡಿ, “ಸ್ವಲ್ಪ...” ಎಂದಳು.

ಜಗಲಿಗೆ ಜಗಲಿಯೇ ನಕ್ಕಿತು. ಲಲಿತ ಕೂಡ ಆ ಮಳೆಗಾಲದಲ್ಲಿ ಮೊದಲ ಸಲ ನನ್ನ ಕಡೆ ನೋಡಿ ನಕ್ಕಳು. ಈಗ ಏನು ಬರೆಯುವುದು? ಗಾಯ ಮಾಯುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ, ರೋಗ ಹೋಗುವುದಕ್ಕೆ ಇನ್ನೊಂದು, ಮನುಷ್ಯ ಚೇತರಿಸಿಕೊಳ್ಳುವುದಕ್ಕೆ ಮತ್ತೊಂದು. ಮೂರೂ ನನಗೆ ಬರುತ್ತಿದ್ದವು. ನಾನು ಪೆನ್ನು ಹಿಡಿದು ಅತ್ತೆಯನ್ನು ನೋಡಿದೆ. ಆಮೇಲೆ ಬರೆದೆ.

ಮೊನ್ನೆ ಅಂಗಳದಲ್ಲಿ ಲಲಿತ ಡಿಕ್ಷನರಿ ಕೊಡವಿದಾಗ, ಎ ಅಕ್ಷರದ ಹಾಳೆಗಳು ಇರಬೇಕಾಗಿದ್ದ ಜಾಗದಿಂದ ಎರಡು ಚೀಟಿ ಬಿದ್ದವು. ಒಂದರ ನಡುವೆ ಮೊಳೆಯ ತೂತು, ಸುತ್ತ ತುಕ್ಕು. ಅದನ್ನು ಅವಳು ಓದಿ ಸುಮ್ಮನೆ ಒಳಗಿಟ್ಟಳು. ಇನ್ನೊಂದನ್ನು ಬಿಸಿಲಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಪದವನ್ನು ಕನ್ನಡ ಮಾಡಿಕೊಂಡು ಗಟ್ಟಿಯಾಗಿ ಓದಿದಳು.

“ಬಸ್ಟ್ಯಾಂಡಿನಿಂದ ಎಲ್ಲೂ ಕೂರದೆ ನಡೆದು ಬಂದಳು. ತಲೆಯ ಮೇಲೆ ಅಕ್ಕಿ ಚೀಲ ಇತ್ತು. ನಾಳೆ ಕೊಯ್ಲಿಗೆ ಇಳಿಯುತ್ತಾಳೆ.” ಓದಿ ಮುಗಿಸಿ ನನ್ನನ್ನು ಕೇಳಿದಳು: “ಅಲ್ರೀ, ಅವ್ವಂಗೆ ವಾಸಿಯಾತು ಅಂತ ಒಂದು ಪದ ಬರೆದಿದ್ರೆ ಆಗ್ತಿರ್ಲಿಲ್ವಾ?”

“ಆಗ್ತಿರಲಿಲ್ಲ” ಎಂದೆ.

ಅವಳು ಚೀಟಿಯನ್ನು ಇದ್ದ ಜಾಗದಲ್ಲೇ ಇಟ್ಟು, ಡಿಕ್ಷನರಿಯನ್ನು ಬಿಸಿಲಿನ ಕಡೆಗೆ ಸ್ವಲ್ಪ ಸರಿಸಿದಳು.